ಬೋಲ್ಟ್ ಕೂತರೆ ಸಾಲದು, ಗಾಲಿ ಕೂರಬೇಕು

ನಮ್ಮ ಅಪ್ಪ ಮೈಸೂರಿನ ವಿಕ್ರಾಂತ್ ಟೈರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕೆ.ಆರ್.ಎಸ್. ರಸ್ತೆಯ ಆ ಕಾರ್ಖಾನೆ ಆಮೇಲೆ ಜೆ.ಕೆ. ಟೈರ್‌ಗೆ ಸೇರಿತು. ಶಿಫ್ಟ್ ಮುಗಿಸಿ ಮನೆಗೆ ಬಂದರೆ ಅವರ ಅಂಗಿಯಿಂದ ಬಿಸಿ ರಬ್ಬರಿನ ವಾಸನೆ ಬರುತ್ತಿತ್ತು. ಅಮ್ಮ ಆ ಅಂಗಿಗಳನ್ನು ಬೇರೆ ಬಕೆಟ್‌ನಲ್ಲೇ ನೆನೆಸುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದರೂ ಟೈರ್ ಬಗ್ಗೆ ನಾನು ಯಾವತ್ತೂ ಕೂತು ಯೋಚಿಸಿರಲಿಲ್ಲ. ಸವೆದರೆ ಬದಲಾಯಿಸಬೇಕು, ಗಾಳಿ ಕಡಿಮೆಯಾದರೆ ಹಾಕಿಸಬೇಕು. ಅಷ್ಟೇ ಗೊತ್ತಿತ್ತು. ಉಳಿದದ್ದನ್ನು ಕಲಿಸಿದ್ದು ಜರ್ಮನಿಯ ಚಳಿಗಾಲ.

ನಾವು ಇರುವುದು ಉಲ್ಮ್‌ನಲ್ಲಿ. ಡ್ಯಾನ್ಯೂಬ್ ನದಿಯ ದಡದ ಊರು. ವಾರಕ್ಕೆ ಎರಡು ದಿನ ನಾನು ಕೆಲಸಕ್ಕೆ ಸ್ಟುಟ್‌ಗಾರ್ಟ್‌ಗೆ ಕಾರಿನಲ್ಲಿ ಹೋಗಿ ಬರುತ್ತೇನೆ. ನಡುವೆ ಶ್ವೇಬಿಷ್ ಆಲ್ಬ್ ಎನ್ನುವ ಬೆಟ್ಟದ ಸಾಲು ಅಡ್ಡ ಬರುತ್ತದೆ. ಎ8 ಹೆದ್ದಾರಿ ಅದನ್ನು ಹತ್ತಿ ಇಳಿಯುತ್ತದೆ. ಉಲ್ಮ್‌ನಲ್ಲಿ ಬರೀ ತುಂತುರು ಮಳೆ ಇದ್ದ ದಿನವೂ ಮೇಲೆ ಮೆರ್ಕ್ಲಿಂಗೆನ್ ಹತ್ತಿರ ಹಿಮ ಬೀಳುತ್ತಿರುತ್ತದೆ. ಅಲ್ಲಿಂದ ಮುಂದೆ ಲೆಮರ್‌ಬುಕೆಲ್ ಇಳಿಜಾರಿನಲ್ಲಿ ಲಾರಿಗಳ ಜೊತೆ ಇಳಿಯಬೇಕು. ಕಾರಿಗೂ ನೆಲಕ್ಕೂ ನಡುವೆ ಇರುವುದು ನಾಲ್ಕು ಅಂಗೈಯಗಲದ ರಬ್ಬರ್ ಅಷ್ಟೇ ಅನ್ನುವುದು ಆಗ ಮೈಗೆ ಗೊತ್ತಾಗುತ್ತದೆ.

2021ರ ಬೇಸಿಗೆಯಲ್ಲಿ ನಾವು ಒಂದು ಹಳೆಯ ಫೋಕ್ಸ್‌ವ್ಯಾಗನ್ ಗಾಲ್ಫ್ ಕೊಂಡೆವು. 2015ರ ಮಾಡೆಲ್. ಅದರ ಜೊತೆ ಬಂದದ್ದು ಬೇಸಿಗೆ ಟೈರ್ ಮಾತ್ರ. ಅಕ್ಟೋಬರ್ ಬಂದ ಹಾಗೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಟೈರ್ ಬದಲಾಯಿಸಿದೆಯಾ? ಇಲ್ಲಿನವರ ಲೆಕ್ಕ ಸುಲಭ: ‘ಓ’ದಿಂದ ‘ಓ’ವರೆಗೆ. ಒಕ್ಟೋಬರ್‌ನಿಂದ ಓಸ್ಟರ್ನ್‌ವರೆಗೆ, ಅಂದರೆ ಈಸ್ಟರ್ ಹಬ್ಬದವರೆಗೆ ಚಳಿಗಾಲದ ಟೈರ್.

ಕಾನೂನು ಮಾತ್ರ ತಾರೀಖು ಹೇಳುವುದಿಲ್ಲ. ರಸ್ತೆಯ ಮೇಲೆ ಹಿಮವೋ, ಕರಗಿದ ಹಿಮದ ರಾಡಿಯೋ, ನೀರು ಹೆಪ್ಪುಗಟ್ಟಿದ ಪದರವೋ ಇದ್ದರೆ ಚಳಿಗಾಲದ ಟೈರ್ ಇಲ್ಲದೆ ಓಡಿಸಬಾರದು ಅನ್ನುತ್ತದೆ. ಸಿಕ್ಕಿಬಿದ್ದರೆ ಕನಿಷ್ಠ 60 ಯೂರೋ ದಂಡ, ಜೊತೆಗೆ ಚಾಲಕರ ದಾಖಲೆಯಲ್ಲಿ ಒಂದು ಪಾಯಿಂಟ್. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇರಬೇಕು. ಬರೀ ‘ಎಂ+ಎಸ್’ (ಕೆಸರು ಮತ್ತು ಹಿಮ) ಎಂದು ಬರೆದಿದ್ದ ಹಳೆಯ ಟೈರ್‌ಗಳು 2024ರ ಸೆಪ್ಟೆಂಬರ್ ಕೊನೆಯವರೆಗೆ ನಡೆಯುತ್ತಿದ್ದವು, ಈಗ ನಡೆಯುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಇದಕ್ಕಿಂತ ನೇರ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ಹಿಮ ಬೀಳಲಿ ಬಿಡಲಿ, ಕಡ್ಡಾಯ. ಮಾಂಟ್ರಿಯಲ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಅದೇ ವಾಸಿ ಅನ್ನುತ್ತಾಳೆ. ನನಗೂ ಹಾಗೇ ಅನ್ನಿಸುತ್ತದೆ. ಬೆಳಿಗ್ಗೆ ಆರು ಗಂಟೆಗೆ ಕಿಟಕಿಯಿಂದ ನೋಡಿ ‘ಇವತ್ತು ಹಿಮ ಬರಬಹುದಾ’ ಅಂತ ಊಹಿಸುವ ಕೆಲಸ ಯಾರಿಗೂ ಬೇಡ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. “ಚಳಿಗಾಲಕ್ಕೆ ಬೇರೆ ಟೈರ್ ಹಾಕಬೇಕಂತೆ ಅಪ್ಪ.”

“ಹೌದಾ? ಯಾಕೆ, ಬಟನ್ ದೊಡ್ಡದಿರುತ್ತಾ?” ಅಂದರು. ಟೈರಿನ ಮೈಮೇಲಿನ ಉಬ್ಬುಗಳಿಗೆ ಬಟನ್ ಅನ್ನುತ್ತಾರೆ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಅದನ್ನೇ ಯೋಚನೆ ಮಾಡುತ್ತಿದ್ದರಂತೆ. “ಬಟನ್ ಒಂದೇ ಅಲ್ಲ ಕಣಮ್ಮ. ರಬ್ಬರೇ ಬೇರೆ ಇರಬೇಕು. ಚಳಿ ಬಂದ್ರೆ ರಬ್ಬರ್ ಬಿರುಸಾಗತ್ತೆ. ಬಿರುಸಾದ ರಬ್ಬರ್ ನೆಲ ಹಿಡಿಯಲ್ಲ.”

ಹಿಮವನ್ನೇ ನೋಡದ ಮನುಷ್ಯ ಮೈಸೂರಿನಲ್ಲಿ ಕೂತು ಹೇಳಿದ ಈ ಮಾತು ಪೂರ್ತಿ ಸರಿ. ಬೇಸಿಗೆ ಟೈರಿನ ರಬ್ಬರನ್ನು ಬಿಸಿ ರಸ್ತೆಯಲ್ಲಿ ಕರಗಿದಂತೆ ಆಗದಿರಲಿ ಅಂತ ಬೆರೆಸಿರುತ್ತಾರೆ. ಚಳಿಯಲ್ಲಿ ಅದು ಗಟ್ಟಿಯಾಗುತ್ತದೆ. ಚಳಿಗಾಲದ ಟೈರಿನ ಮಿಶ್ರಣ ಕೊರೆಯುವ ಚಳಿಯಲ್ಲೂ ಮೆತ್ತಗೆ ಇರುತ್ತದೆ. ಅದರ ಒಂದೊಂದು ಬಟನ್ ಮೇಲೂ ಬ್ಲೇಡಿನಲ್ಲಿ ಕೊಯ್ದ ಹಾಗೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ಗಾಲಿ ಉರುಳುವಾಗ ಆ ಸೀಳುಗಳು ಬಿಚ್ಚಿಕೊಂಡು ಅಂಚಿನಿಂದ ಹಿಮವನ್ನು ಕಚ್ಚುತ್ತವೆ. ಬಟನ್‌ಗಳ ನಡುವಿನ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುವುದೂ ಒಳ್ಳೆಯದೇ, ಯಾಕೆಂದರೆ ಹಿಮ ಹಿಮಕ್ಕೆ ಚೆನ್ನಾಗಿ ಅಂಟುತ್ತದೆ. ಮಕ್ಕಳು ಹಿಮದ ಉಂಡೆ ಕಟ್ಟುವುದು ಇದೇ ಗುಣದಿಂದ. ಇಂಥ ಟೈರನ್ನು ಮೊದಲು ಮಾಡಿದವರು ಫಿನ್‌ಲ್ಯಾಂಡಿನವರು. ಇವತ್ತು ನೋಕಿಯನ್ ಎಂದು ಕರೆಯುವ ಕಂಪನಿ 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಹಕ್ಕಪೆಲಿಟ್ಟ ಎಂಬ ಹೆಸರಿನಲ್ಲಿ ಕಾರುಗಳಿಗೆ ಇದನ್ನು ತಯಾರಿಸಿತು.

ಏಳು ಡಿಗ್ರಿಗಿಂತ ಕೆಳಗೆ ಹೋದರೆ ಚಳಿಗಾಲದ ಟೈರ್ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ಅದು ನೆನಪಿಟ್ಟುಕೊಳ್ಳಲು ಅನುಕೂಲವಾದ ಒಂದು ಅಂಕಿ. ಎಂಟು ಡಿಗ್ರಿಯಲ್ಲಿ ಸರಿಯಿದ್ದ ಟೈರ್ ಆರು ಡಿಗ್ರಿಯಲ್ಲಿ ಕೈಕೊಡುತ್ತದೆ ಅಂತೇನಿಲ್ಲ. ಒಣ ರಸ್ತೆಯಲ್ಲಿ ಅದಕ್ಕಿಂತ ಹೆಚ್ಚಿನ ಚಳಿಯಲ್ಲೂ ಬೇಸಿಗೆ ಟೈರ್ ಚೆನ್ನಾಗಿ ನಿಲ್ಲುತ್ತದೆ. ಆದರೆ ರಸ್ತೆ ಬಿಳಿಯಾದ ಕ್ಷಣದಿಂದ ಅದಕ್ಕೆ ಏನೂ ಸಿಗುವುದಿಲ್ಲ. ಬ್ರೇಕ್ ತುಳಿದರೂ ಕಾರು ಜಾರುತ್ತಲೇ ಇರುತ್ತದೆ.

ಇಷ್ಟೆಲ್ಲ ಓದಿಕೊಂಡಿದ್ದೆ. ಯಾವ ಬ್ರ್ಯಾಂಡ್, ಎಷ್ಟು ಮಿಲಿಮೀಟರ್ ಬಟನ್ ಎಲ್ಲ ಗೊತ್ತಿತ್ತು. ನಾನು ಓದದೆ ಬಿಟ್ಟದ್ದು ರಿಮ್ ಬಗ್ಗೆ, ಅಂದರೆ ಟೈರ್ ಕೂರುವ ಲೋಹದ ಚಕ್ರದ ಬಗ್ಗೆ.

ಇಲ್ಲಿ ಬಹಳ ಜನ ನಾಲ್ಕು ನಾಲ್ಕು ಗಾಲಿಯ ಎರಡು ಸೆಟ್ ಇಟ್ಟುಕೊಳ್ಳುತ್ತಾರೆ. ಬೇಸಿಗೆ ಟೈರ್ ಒಂದು ಸೆಟ್ ರಿಮ್ ಮೇಲೆ, ಚಳಿಗಾಲದ್ದು ಇನ್ನೊಂದು ಸೆಟ್ ರಿಮ್ ಮೇಲೆ. ವರ್ಷಕ್ಕೆ ಎರಡು ಸಲ ಗಾಲಿಯನ್ನೇ ಇಡಿಯಾಗಿ ಬದಲಾಯಿಸಿದರಾಯಿತು. ಹಳೆಯ ಸಾಮಾನು ಮಾರುವ ಕಡೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಅಲಾಯ್ ರಿಮ್, 16 ಇಂಚು, 205/55 ಟೈರ್, 5×112, ಬಟನ್ ಇನ್ನೂ ಐದು ಮಿಲಿಮೀಟರ್. ನಾಲ್ಕೂ ಸೇರಿ 180 ಯೂರೋ. ‘ಫೋಕ್ಸ್‌ವ್ಯಾಗನ್, ಔಡಿ, ಸ್ಕೋಡಾ, ಮರ್ಸಿಡಿಸ್‌ಗೆ ಆಗುತ್ತದೆ’ ಎಂದು ಬರೆದಿತ್ತು. ಮರ್ಸಿಡಿಸ್ ಎ-ಕ್ಲಾಸ್‌ನಿಂದ ಬಿಚ್ಚಿದ ಗಾಲಿಗಳು. 5×112 ಅಂದರೆ ಐದು ಬೋಲ್ಟ್, ಆ ಐದೂ ತೂತುಗಳ ನಡುವೆ ಹಾಯುವ ವರ್ತುಲದ ಅಗಲ 112 ಮಿಲಿಮೀಟರ್. ನಮ್ಮ ಗಾಲ್ಫ್‌ನದೂ ಅದೇ. ನಾನು ಮತ್ತು ನನ್ನ ಗಂಡ ಹೋಗಿ ತಂದೆವು. ಭಾನುವಾರ ಅಂಗಳದಲ್ಲಿ ಜಾಕಿ ಕೊಟ್ಟು ಎತ್ತಿ, ಕಾರಿನದೇ ಬೋಲ್ಟ್ ಹಾಕಿ ಬಿಗಿದೆವು. ಇಪ್ಪತ್ತೂ ಬೋಲ್ಟ್ ಸರಾಗವಾಗಿ ಕೂತವು.

ಊರೊಳಗೆ ಏನೂ ಗೊತ್ತಾಗಲಿಲ್ಲ. ಹೆದ್ದಾರಿಗೆ ಹೋದಾಗ, ಎಂಬತ್ತು ದಾಟಿದ ಮೇಲೆ, ಸ್ಟೀರಿಂಗ್ ಕೈಯಲ್ಲಿ ನಡುಗತೊಡಗಿತು. ತೊಂಬತ್ತೈದಕ್ಕೆ ಜೋರಾಗಿ. ಅವತ್ತು ಮೇಲೆ ಹಿಮ ಬಿದ್ದಿತ್ತು. ರಿಮ್ ಒಳಗೆ ಹಿಮ ಮೆತ್ತಿಕೊಂಡಿರಬೇಕು ಅಂದರು ನನ್ನ ಗಂಡ. ಹಾಗೆ ಆಗುವುದೂ ನಿಜ. ರಿಮ್ಮಿನ ಒಂದು ಕಡೆ ಹಿಮ ಕಟ್ಟಿಕೊಂಡರೆ ಗಾಲಿ ಅದುರುತ್ತದೆ. ನೀರು ಹಾಕಿ ತೊಳೆದೆವು. ಮಾರನೆಯ ವಾರ ಒಣ ರಸ್ತೆಯಲ್ಲೂ ನಡುಕ ಹಾಗೇ ಇತ್ತು.

ಒಂದು ಅಂಗಡಿಗೆ ಹೋಗಿ ಬ್ಯಾಲೆನ್ಸ್ ಮಾಡಿಸಿದೆ, ಅಂದರೆ ಗಾಲಿಯ ತೂಕ ಸುತ್ತಲೂ ಸಮ ಇರುವ ಹಾಗೆ ಮಾಡಿಸಿದೆ. ನಾಲ್ಕೂ ಗಾಲಿ ಸೊನ್ನೆಗೆ ಬಂದಿದೆ, ಎಲ್ಲ ಸರಿ ಇದೆ ಅಂದರು. ಕಾರು ಮಾತ್ರ ನಡುಗುತ್ತಲೇ ಇತ್ತು. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವಾಗ ಆ ನಡುಕ ನನ್ನ ತೋಳಿನವರೆಗೂ ಹತ್ತುತ್ತಿತ್ತು. ರಾತ್ರಿ ಮಲಗಿದರೂ ಅದೇ ನೆನಪಾಗುತ್ತಿತ್ತು.

ಕೊನೆಗೆ ಊರಿನಾಚೆ ಇರುವ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ಅರವತ್ತರ ಆಸುಪಾಸಿನವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಕಾರನ್ನು ಲಿಫ್ಟ್ ಮೇಲೆ ಎತ್ತಿ ಮುಂದಿನ ಒಂದು ಗಾಲಿಯ ಬೋಲ್ಟ್ ಎಲ್ಲ ಬಿಚ್ಚಿದರು. ಬೋಲ್ಟ್ ಇಲ್ಲದೆ ಗಾಲಿಯನ್ನು ಹಬ್ ಮೇಲೆ, ಅಂದರೆ ಗಾಲಿ ಸಿಕ್ಕಿಸುವ ಕಾರಿನ ಗುಂಬದ ಮೇಲೆ, ಹಾಗೇ ನೇತುಹಾಕಿ ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಟಕ್, ಟಕ್, ಟಕ್. ಅಷ್ಟು ದೊಡ್ಡ ಗಾಲಿ ಸಡಿಲ ಬಳೆಯ ಹಾಗೆ ಆಡುತ್ತಿತ್ತು. ಹಬ್‌ಗೂ ರಿಮ್ಮಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ತೋರಿಸಿದರು.

ಆಮೇಲೆ ಒಳಗೆ ಹೋಗಿ ಗಾಲ್ಫ್‌ನದೇ ಒಂದು ಹಳೆಯ ಸ್ಟೀಲ್ ರಿಮ್ ತಂದು ಅದೇ ಹಬ್‌ಗೆ ತಳ್ಳಿದರು. ಒಂದು ಮೆಲ್ಲಗಿನ ಶಬ್ದ ಬಂತು. ಪಾತ್ರೆಯ ಮೇಲೆ ಅದರದೇ ಮುಚ್ಚಳ ಇಟ್ಟ ಹಾಗೆ. ಕೈ ಬಿಟ್ಟರು. ಅಲ್ಲಾಡಲಿಲ್ಲ.

ಇಲ್ಲಿನ ಕೆಲಸಗಾರರಲ್ಲಿ ಒಂದು ಮಾತಿದೆ. “ಪಾಸ್ಟ್, ಸಿಟ್ಸ್ಟ್, ವಾಕೆಲ್ಟ್ ಉಂಟ್ ಹಾಟ್ ಲುಫ್ಟ್.” ಹೊಂದುತ್ತೆ, ಕೂರುತ್ತೆ, ಅಲುಗುತ್ತೆ, ಗಾಳಿಗೂ ಜಾಗ ಇದೆ ಅಂತ ಅರ್ಥ. ಏನಾದರೂ ಹೇಗೋ ಹೊಂದಿಕೊಂಡರೆ ನಗುತ್ತಾ ಹೇಳುವ ಮಾತು. ಮೇಸ್ತ್ರಿ ಅದನ್ನು ಹೇಳಿ, ನಗದೆ, “ಗಾಲಿಗೆ ಇದು ನಡೆಯುವುದಿಲ್ಲ. ಗಾಲಿ ಕೂರಬೇಕು” ಅಂದರು. ನನಗೆ ಆ ಮಾತು ಕನ್ನಡದಲ್ಲೇ ಕೇಳಿಸಿತು. ನಾವೂ ಹಾಗೇ ಅಲ್ವಾ ಹೇಳುವುದು? ಬಾಗಿಲು ಸರಿಯಾಗಿ ಕೂತಿಲ್ಲ, ಕುಕ್ಕರ್ ಮುಚ್ಚಳ ಕೂತಿಲ್ಲ, ರವಿಕೆ ಭುಜದಲ್ಲಿ ಕೂತಿಲ್ಲ.

ವಿಷಯ ಇಷ್ಟು. ರಿಮ್ಮಿನ ನಡುವೆ ಒಂದು ದೊಡ್ಡ ತೂತು ಇರುತ್ತದೆ. ಕಾರಿನ ಹಬ್ ಆ ತೂತಿನೊಳಗೆ ಸೇರಿಕೊಳ್ಳುತ್ತದೆ. ಗಾಲ್ಫ್‌ನ ಹಬ್ 57.1 ಮಿಲಿಮೀಟರ್. ನಾವು ತಂದ ರಿಮ್ಮಿನ ತೂತು 66.6 ಮಿಲಿಮೀಟರ್. ಸುಮಾರು ಒಂಬತ್ತೂವರೆ ಮಿಲಿಮೀಟರ್ ಖಾಲಿ. ಗಾಲಿಯ ನಡು ಕಾರಿನ ನಡುವಿಗೆ ಬರಲಿ ಅಂತಲೇ ಆ ಹಬ್ ಅಷ್ಟು ನಿಖರವಾಗಿ ಕಡೆದಿರುವುದು. ಅದು ಸಿಗದಿದ್ದರೆ ಗಾಲಿಯನ್ನು ನಡುವಿಗೆ ತರುವ ಕೆಲಸ ಬರೀ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಅಂಗಳದಲ್ಲಿ ಜಾಕಿ ಮೇಲೆ ನಿಂತ ಕಾರಿಗೆ ಬೋಲ್ಟ್ ಬಿಗಿಯುವಾಗ ಗಾಲಿ ಕೂದಲೆಳೆಯಷ್ಟು ಕೆಳಗೆ ಜಾರಿದ್ದರೂ ಸಾಕು, ಅದು ಹಾಗೇ ಬಿಗಿದುಕೊಳ್ಳುತ್ತದೆ. ಆಮೇಲೆ ಉರುಳುವಾಗ ಗುಂಡಗೆ ಉರುಳುವುದಿಲ್ಲ.

ಬ್ಯಾಲೆನ್ಸ್ ಯಂತ್ರ ಇದನ್ನು ಯಾಕೆ ಹಿಡಿಯಲಿಲ್ಲ? ಆ ಯಂತ್ರದಲ್ಲಿ ರಿಮ್ಮಿನ ನಡುವಿನ ತೂತಿಗೆ ಒಂದು ಶಂಕು ತೂರಿಸಿ ಕೂರಿಸುತ್ತಾರೆ. ಯಾವ ಅಳತೆಯ ತೂತಾದರೂ ಶಂಕು ಅದನ್ನು ಸರಿಯಾಗಿ ನಡುವಿಗೆ ತರುತ್ತದೆ. ಯಂತ್ರದ ಮೇಲೆ ನಮ್ಮ ಗಾಲಿ ನಿಜಕ್ಕೂ ಸರಿಯಿತ್ತು. ಕಾರಿನ ಮೇಲೆ ಇರಲಿಲ್ಲ. ಹೊಸ ಟೈರ್ ಹಾಕಿದ ಮೇಲೆ ನಡುಕ ಬಂದರೆ ಬ್ಯಾಲೆನ್ಸ್ ಮೇಲೆ ಬ್ಯಾಲೆನ್ಸ್ ಮಾಡಿಸುತ್ತಾ ದುಡ್ಡು ಕಳೆಯುವವರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ. ಮೊದಲು ಹಬ್ ನೋಡಿ ಅಂತ ಹೇಳುತ್ತೇನೆ.

ಬೇರೆ ಬೇರೆ ಕಾರಿಗೆ ಆಗಲಿ ಅಂತ ತಯಾರಿಸಿ ಮಾರುವ ರಿಮ್ಮುಗಳಲ್ಲಿ ನಡುವಿನ ತೂತು ದೊಡ್ಡದಾಗಿಯೇ ಇರುತ್ತದೆ. ಅವುಗಳ ಜೊತೆ ಕಾರಿಗೆ ತಕ್ಕ ಒಂದು ಉಂಗುರ ಕೊಡುತ್ತಾರೆ. ಪ್ಲಾಸ್ಟಿಕ್ಕಿನದೋ ಅಲ್ಯೂಮಿನಿಯಮ್ಮಿನದೋ. ಅಂಥ ರಿಮ್ ನಿಮ್ಮ ಕಾರಿಗೆ ಒಪ್ಪಿಗೆ ಪಡೆದದ್ದು ಅನ್ನುವ ಪತ್ರವೂ ಜೊತೆಗೆ ಬರಬೇಕು. ಪತ್ರವಿದ್ದು ಉಂಗುರ ಕೂತರೆ ತೊಂದರೆಯಿಲ್ಲ. ಬೇರೆ ಕಾರಿನಿಂದ ಬಿಚ್ಚಿ ತಂದದ್ದಕ್ಕೆ ಎರಡೂ ಇರುವುದಿಲ್ಲ. ಜರ್ಮನಿಯಲ್ಲಿ ಒಪ್ಪಿಗೆ ಇಲ್ಲದ ರಿಮ್ ಹಾಕಿ ಓಡಿಸಿದರೆ ಕಾರಿನ ಓಡಾಟದ ಅನುಮತಿಯೇ ರದ್ದಾಗಬಹುದು.

ಇನ್ನೊಂದು ವಿಷಯವನ್ನೂ ಮೇಸ್ತ್ರಿ ತೋರಿಸಿದರು. ಇದು ನಡುವಿನ ತೂತಿಗಿಂತ ಭಯ ಹುಟ್ಟಿಸುವಂಥದ್ದು. ಗಾಲ್ಫ್‌ನ ಬೋಲ್ಟಿನ ತಲೆಯ ಕೆಳಭಾಗ ಚೆಂಡಿನ ಹಾಗೆ ಉಬ್ಬಿರುತ್ತದೆ. ಆ ಉಬ್ಬು ರಿಮ್ಮಿನ ಗುಳಿಯಲ್ಲಿ ಕೂರಬೇಕು. ಗಾಲ್ಫ್‌ನ ಉಬ್ಬಿನ ತ್ರಿಜ್ಯ 13 ಮಿಲಿಮೀಟರ್, ಆ ರಿಮ್ಮಿನ ಗುಳಿಯದು 14. ಬೋಲ್ಟಿನ ಎಳೆ ಸೇರುವುದು ಕಾರಿನದೇ ಹಬ್‌ಗೆ ಆದ್ದರಿಂದ ಬೋಲ್ಟ್ ಸರಾಗವಾಗಿ ಒಳಗೆ ಹೋಗುತ್ತದೆ, ಬಿಗಿಯೂ ಆಗುತ್ತದೆ. ಆದರೆ ಇಡೀ ಗುಳಿಗೆ ಒತ್ತಬೇಕಾದ ತಲೆ ಒಂದು ಸಣ್ಣ ಗೆರೆಯ ಮೇಲೆ ಮಾತ್ರ ಒತ್ತುತ್ತಿರುತ್ತದೆ. ಅಂಥ ಬೋಲ್ಟ್ ಸಡಿಲವಾಗುವ ಸಾಧ್ಯತೆ ಜಾಸ್ತಿ. ಹೊರಗಿನ ಕಂಪನಿಯ ರಿಮ್ಮುಗಳಿಗೆ ಹೆಚ್ಚಾಗಿ ಶಂಕುವಿನ ಆಕಾರದ ಬೋಲ್ಟ್ ಬೇಕು. ಚೆಂಡಿಗೆ ಶಂಕು, ಶಂಕುವಿಗೆ ಚೆಂಡು ಹಾಕುವುದು ಇನ್ನೂ ಅಪಾಯ. ಎತ್ತಿನ ಗಾಡಿಯ ಕಾಲದಲ್ಲಿ ಕಡೆಗೀಲು ಸರಿಯಿದೆಯಾ ಅಂತ ನೋಡದೆ ಯಾರೂ ಹೊರಡುತ್ತಿರಲಿಲ್ಲ. ನಾವು ಇಪ್ಪತ್ತು ಕೀಲುಗಳನ್ನು ನೋಡದೆಯೇ ಹೊರಟಿದ್ದೆವು. ಆ ಇಳಿಜಾರಿನಲ್ಲಿ, ಮಗಳನ್ನು ಕೂರಿಸಿಕೊಂಡು. ಇದನ್ನು ಬರೆಯುವಾಗಲೂ ಕೈ ತಣ್ಣಗಾಗುತ್ತದೆ.

ಟೈರ್‌ಗಳೂ ಹಳೆಯವೇ ಆಗಿದ್ದವು. ಟೈರಿನ ಪಕ್ಕದಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 3713 ಎಂದಿತ್ತು. 2013ರ ಮೂವತ್ತೇಳನೆಯ ವಾರ. ಎಂಟು ವರ್ಷ ಹಳೆಯದು. ಬಟನ್ ಐದು ಮಿಲಿಮೀಟರ್ ಇದ್ದದ್ದು ನಿಜ. ಆದರೆ ರಬ್ಬರ್ ಮೆತ್ತಗಿರುವುದೇ ಚಳಿಗಾಲದ ಟೈರಿನ ಜೀವ. ಅದು ವಯಸ್ಸಿನ ಜೊತೆ ಹೋಗಿಬಿಡುತ್ತದೆ. ಬಟನ್ ವಿಷಯದಲ್ಲೂ ಎರಡು ಅಳತೆ ಇದೆ. ಇಲ್ಲಿ ಕಾನೂನು ಕೇಳುವುದು 1.6 ಮಿಲಿಮೀಟರ್. ತಿಳಿದವರು ಹೇಳುವುದು ಕನಿಷ್ಠ ನಾಲ್ಕು. ಪಕ್ಕದ ಆಸ್ಟ್ರಿಯಾದಲ್ಲಿ ಆ ನಾಲ್ಕೇ ಕಾನೂನು. ಉಲ್ಮ್‌ನಿಂದ ಆಸ್ಟ್ರಿಯಾದ ಗಡಿ ಎರಡು ಗಂಟೆಯ ದಾರಿಯೂ ಇಲ್ಲ. ರಜೆಯಲ್ಲಿ ಹಿಮ ನೋಡಲು ಆ ಕಡೆ ಹೋಗುವ ನಮ್ಮ ಕನ್ನಡದ ಗೆಳೆಯರು ಇದನ್ನು ಗಮನಿಸಬೇಕು.

ಮೇಸ್ತ್ರಿ ನನಗೆ ಹೊಸದನ್ನು ಮಾರಲು ಆತುರಪಡಲಿಲ್ಲ. “ಮನೆಗೆ ಹೋಗಿ ಕಾರಿನ ಕಾಗದ ತನ್ನಿ” ಅಂದರು. ನಮ್ಮ ಆರ್‌ಸಿ ಪುಸ್ತಕದ ಹಾಗೆ ಇಲ್ಲೂ ಒಂದು ನೋಂದಣಿ ಪತ್ರ ಇರುತ್ತದೆ. ಅದರ 15.1, 15.2 ಎಂಬ ಮನೆಗಳಲ್ಲಿ ಮುಂದಿನ ಮತ್ತು ಹಿಂದಿನ ಟೈರಿನ ಅಳತೆ ಬರೆದಿರುತ್ತದೆ. ಅಲ್ಲಿ ಒಂದೇ ಅಳತೆ ಇರುವುದು. ಅದನ್ನೇ ನೋಡಿ ಬೇರೆ ಯಾವುದೂ ಆಗುವುದಿಲ್ಲ ಅಂದುಕೊಳ್ಳುವವರು ಬಹಳ. ಕಾರಿನ ಜೊತೆ ತಯಾರಕರು ಕೊಡುವ ಇನ್ನೊಂದು ಕಾಗದವಿದೆ, ಸಿಒಸಿ ಅನ್ನುತ್ತಾರೆ. ಆ ಕಾರಿಗೆ ಒಪ್ಪುವ ಉಳಿದ ಅಳತೆಗಳು, ಯಾವ ಅಳತೆಗೆ ಎಂಥ ರಿಮ್ ಎನ್ನುವುದು ಅದರಲ್ಲಿರುತ್ತದೆ. ನಮ್ಮದು ಫೈಲಿನ ತಳದಲ್ಲಿ, ಯಾರೂ ಮುಟ್ಟದೆ ಬಿದ್ದಿತ್ತು.

ಅದನ್ನು ಮುಂದಿಟ್ಟುಕೊಂಡು ನಾನು ಒಂದು ಸಂಜೆ ಪೆನ್ಸಿಲ್ ಹಿಡಿದು ಲೆಕ್ಕ ಮಾಡಿದೆ. ಬೇಸಿಗೆ ಟೈರ್ 225/45 ಆರ್17. ಅಗಲ 225 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 45ರಷ್ಟು, ಅಂದರೆ 101.25. ಮೇಲೊಂದು ಕೆಳಗೊಂದು ಸೇರಿ 202.5. ನಡುವೆ 17 ಇಂಚಿನ ರಿಮ್, ಅದು 431.8. ಒಟ್ಟು 634.3 ಮಿಲಿಮೀಟರ್ ಎತ್ತರದ ಗಾಲಿ. ಇನ್ನು 195/65 ಆರ್15 ತೆಗೆದುಕೊಂಡರೆ? ಗೋಡೆ 126.75, ಎರಡು ಸೇರಿ 253.5, ರಿಮ್ 381. ಒಟ್ಟು 634.5. ಬರೀ 0.2 ಮಿಲಿಮೀಟರ್ ವ್ಯತ್ಯಾಸ! ರಿಮ್ ಎರಡು ಇಂಚು ಚಿಕ್ಕದಾಯಿತು, ರಬ್ಬರಿನ ಗೋಡೆ ಅಷ್ಟೇ ಎತ್ತರವಾಯಿತು, ಗಾಲಿಯ ಎತ್ತರ ಅಲ್ಲೇ ನಿಂತಿತು. ಈ ಲೆಕ್ಕ ಸರಿಹೋದಾಗ ನನಗೆ ನಿಜವಾಗಿ ಖುಷಿಯಾಯಿತು. ಸುಮ್ನೆ ಯಾರೋ ಬರೆದಿಟ್ಟ ಅಂಕಿಗಳಲ್ಲ ಇವು.

ಎತ್ತರ ಯಾಕೆ ಅಷ್ಟು ಮುಖ್ಯ ಅಂದರೆ, ಸ್ಪೀಡೋಮೀಟರ್, ಎಬಿಎಸ್ ಎಲ್ಲವೂ ಗಾಲಿಯ ಸುತ್ತನ್ನು ಎಣಿಸಿಯೇ ಕೆಲಸ ಮಾಡುವುದು. ಅದೇ 15 ಇಂಚಿಗೆ 195/55 ಟೈರ್ ಹಾಕಿದರೆ ಗಾಲಿ ಸುಮಾರು ನಾಲ್ಕು ಸೆಂಟಿಮೀಟರ್ ಕುಳ್ಳಗಾಗುತ್ತದೆ. ಅಂಗಡಿಯಲ್ಲಿ ಅದೂ ಸಿಗುತ್ತದೆ, ರಿಮ್ ಮೇಲೂ ಏರುತ್ತದೆ. ಅದು ಹೊರುವ ಭಾರವೂ ಕಡಿಮೆ. ಟೈರ್ ಅಳತೆಯ ಪಕ್ಕದಲ್ಲಿ 91 ಅಂತಿದ್ದರೆ ಒಂದು ಟೈರ್ 615 ಕಿಲೋ ಹೊರಬಲ್ಲದು. 85 ಅಂತಿದ್ದರೆ 515 ಮಾತ್ರ. ನಾಲ್ಕು ಜನ, ಊರಿಂದ ಬಂದ ಸೂಟ್‌ಕೇಸ್‌ಗಳು ಎಲ್ಲ ತುಂಬಿದಾಗ ಆ ನೂರು ಕಿಲೋ ಬೇಕಾಗುತ್ತದೆ.

ನಾನು ಆರಿಸಿದ್ದು ಆ 195/65 ಆರ್15. ಗೆಳತಿಯೊಬ್ಬಳು, “ಚಿಕ್ಕದು ಯಾಕೆ ತಗೊಂಡೆ, ಅಗಲದ ಟೈರ್ ಜಾಸ್ತಿ ಹಿಡಿಯಲ್ವಾ?” ಅಂತ ಕೇಳಿದಳು. ಒಣ ರಸ್ತೆಯಲ್ಲಿ ಇರಬಹುದು. ಸಡಿಲ ಹಿಮದಲ್ಲಿ ಮಾತ್ರ ಕಿರಿದಾದ ಟೈರ್ ಹಿಮವನ್ನು ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ತಲುಪುತ್ತದೆ. ಅಗಲದ್ದು ಮೇಲೆ ತೇಲಲು ನೋಡುತ್ತದೆ. ಬೆಲೆಯೂ ಕಡಿಮೆ. ಎತ್ತರದ ಗೋಡೆ ಇರುವುದರಿಂದ ಹಿಮದಡಿ ಕಾಣದ ಗುಂಡಿಗೆ ಬಿದ್ದರೂ ರಿಮ್ ಉಳಿಯುತ್ತದೆ. ಒಂದು ಎಚ್ಚರಿಕೆ: ಎಲ್ಲ ಕಾರಿಗೂ ಚಿಕ್ಕ ರಿಮ್ ಆಗುವುದಿಲ್ಲ. ಇದೇ ಗಾಲ್ಫ್‌ನ ಹೆಚ್ಚು ಶಕ್ತಿಯ ಮಾಡೆಲ್‌ಗಳಲ್ಲಿ ಬ್ರೇಕ್ ದೊಡ್ಡದು, 15 ಇಂಚಿನ ರಿಮ್ ಅದಕ್ಕೆ ತಾಗುತ್ತದೆ. ಅದಕ್ಕೇ ಆ ಕಾಗದ ನೋಡಬೇಕಾದದ್ದು. ಪಕ್ಕದ ಮನೆಯವರ ಗಾಲ್ಫ್ ನೋಡಿ ತೀರ್ಮಾನಿಸಬಾರದು.

ರಿಮ್ ಮೇಲೆ 6ಜೆ×15 ಇಟಿ43 ಎಂದು ಕೊರೆದಿತ್ತು. ಆರು ಇಂಚು ಅಗಲ. ಇಟಿ ಅಂದರೆ ರಿಮ್ಮಿನ ಅಗಲದ ನಟ್ಟನಡುವಿನಿಂದ, ಅದು ಹಬ್‌ಗೆ ಒರಗುವ ಜಾಗಕ್ಕೆ ಇರುವ ದೂರ. ಇಟಿ ಜಾಸ್ತಿಯಾದಷ್ಟೂ ಗಾಲಿ ಕಾರಿನ ಒಳಕ್ಕೆ ಸರಿಯುತ್ತದೆ, ಕಡಿಮೆಯಾದಷ್ಟೂ ಹೊರಕ್ಕೆ. ಬೇಸಿಗೆಯ ರಿಮ್ 7ಜೆ, ಇಟಿ49. ಎರಡನ್ನೂ ಪಕ್ಕಪಕ್ಕ ಲೆಕ್ಕ ಹಾಕಿದರೆ ಚಳಿಗಾಲದ ರಿಮ್ಮಿನ ಒಳಗಿನ ಅಂಚಿನಲ್ಲಿ ಸುಮಾರು 19 ಮಿಲಿಮೀಟರ್ ಜಾಸ್ತಿ ಜಾಗ ಸಿಗುತ್ತದೆ. ಬೆಟ್ಟದಲ್ಲಿ ಹಿಮ ಜಾಸ್ತಿಯಾದಾಗ ಟೈರಿಗೆ ಸರಪಳಿ ಸುತ್ತಬೇಕಾಗುತ್ತದೆ. ಆ ಸರಪಳಿ ಓಡಾಡುವುದು ಇದೇ ಜಾಗದಲ್ಲಿ. ಜಾಗವಿಲ್ಲದ ಗಾಲಿಗೆ ಸುತ್ತಿದರೆ ಸರಪಳಿ ಶಾಕ್ ಅಬ್ಸಾರ್ಬರ್ ಅನ್ನೋ ಬ್ರೇಕ್ ಪೈಪನ್ನೋ ಕೆರೆಯುತ್ತದೆ. ಹೊರಕ್ಕೆ ಚಾಚಿದ ಗಾಲಿಯದು ಬೇರೆ ತೊಂದರೆ. ಬೇರಿಂಗ್ ಮೇಲೆ ಭಾರ ಎಳೆಯುತ್ತದೆ, ಹಳ್ಳಕ್ಕೆ ಇಳಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ.

ಸ್ಟೀಲ್ ರಿಮ್ ತೆಗೆದುಕೊಂಡೆವು. ಇಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಹಾಕುತ್ತಾರೆ. ಪೇಂಟ್ ಗೀಚಿಹೋದ ಅಲಾಯ್‌ಗೆ ಅದು ಒಳ್ಳೆಯದಲ್ಲ. ಕಪ್ಪು ಸ್ಟೀಲ್ ರಿಮ್ ನೋಡಲು ಸಾದಾ, ಆದರೆ ಗಾಲ್ಫ್‌ನದೇ ಬೋಲ್ಟ್ ಅದಕ್ಕೆ ಸರಿಯಾಗಿ ಕೂರುತ್ತದೆ. ಟೈರಿನ ವೇಗದ ಗುರುತು ‘ಟಿ’, ಅಂದರೆ ಗಂಟೆಗೆ 190 ಕಿಲೋಮೀಟರ್‌ವರೆಗೆ. ಕಾರಿನ ಗರಿಷ್ಠ ವೇಗ 204. ಚಳಿಗಾಲದ ಟೈರಿಗೆ ಈ ಕಡಿಮೆ ನಡೆಯುತ್ತದೆ, ಡ್ರೈವರ್ ಕಣ್ಣಿಗೆ ಕಾಣುವ ಹಾಗೆ ಒಂದು ಚೀಟಿ ಅಂಟಿಸಿರಬೇಕು. ಎಲ್ಲ ಸೇರಿ ಐನೂರು ಯೂರೋ ಹತ್ತಿರ ಆಯಿತು. ಮೊದಲಿನ 180 ವಾಪಸ್ ಬರಲಿಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಆ ರಿಮ್ಮುಗಳನ್ನು, ಯಾವ ಕಾರಿನವು ಅಂತ ಸ್ಪಷ್ಟವಾಗಿ ಬರೆದು, ಆ ಕಾರು ಇರುವವರಿಗೇ ಕೊಟ್ಟೆವು. ಟೈರ್ ಹಳೆಯದು ಅಂತಲೂ ಹೇಳಿದೆವು.

ಮೊದಲ ಸಲ ಹೊಸ ಗಾಲಿಯಲ್ಲಿ ಹೆದ್ದಾರಿಗೆ ಹೋದಾಗ ಎಂಬತ್ತು ಬಂತು, ತೊಂಬತ್ತು ಬಂತು, ನೂರು ದಾಟಿತು. ಸ್ಟೀರಿಂಗ್ ಸುಮ್ಮನೆ ಇತ್ತು. ಮೂರು ವಾರದಿಂದ ಬಿಗಿ ಹಿಡಿದಿದ್ದ ಭುಜ ಸಡಿಲವಾಗಿದ್ದು ನನಗೇ ಗೊತ್ತಾಯಿತು.

ನಮ್ಮೂರಲ್ಲಿ ಹೆಚ್ಚುವರಿ ಗಾಲಿಗೆ ಸ್ಟೆಪ್ನಿ ಅನ್ನುತ್ತೇವೆ. ಅದು ಕನ್ನಡದ ಮಾತಲ್ಲ, ಇಂಗ್ಲಿಷಿನ ಸಾಮಾನ್ಯ ಮಾತೂ ಅಲ್ಲ. ವೇಲ್ಸ್‌ನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ತಯಾರಿಸತೊಡಗಿದ ಹೆಚ್ಚುವರಿ ಗಾಲಿಯ ಹೆಸರು. ಬೀದಿಯ ಹೆಸರು ಮೈಸೂರಿನ ಪಂಚರ್ ಅಂಗಡಿಯವರೆಗೆ ಬಂದು ಉಳಿದುಬಿಟ್ಟಿತು. ಈಗ ನಮ್ಮ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇಲ್ಲ. ಒಂದು ಬಾಟಲಿ ಅಂಟು, ಒಂದು ಪುಟ್ಟ ಪಂಪ್ ಇದೆ. ನೆಲಮಾಳಿಗೆಯಲ್ಲಿ ನಾಲ್ಕು ಗಾಲಿ ಇದ್ದರೂ ದಾರಿಯಲ್ಲಿ ಪಂಚರ್ ಆದರೆ ಒಂದೂ ಇಲ್ಲ. ಇದು ನನಗೆ ಇನ್ನೂ ಒಗ್ಗಿಲ್ಲ.

ಈಗ ಅಕ್ಟೋಬರ್ ಬಂತೆಂದರೆ ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ನನಗೆ ಮೆಸೇಜ್ ಮಾಡುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾವ ಬ್ರ್ಯಾಂಡ್ ಒಳ್ಳೆಯದು? ನಾನು ಕಾರಿನ ಕಾಗದದ ಫೋಟೋ ಕಳಿಸಿ ಅನ್ನುತ್ತೇನೆ. ಬ್ರ್ಯಾಂಡ್ ಬಗ್ಗೆ ಎಡಿಎಸಿ ಎಂಬ ಇಲ್ಲಿನ ವಾಹನ ಚಾಲಕರ ಸಂಘ ಪ್ರತಿ ವರ್ಷ ಪರೀಕ್ಷೆ ಮಾಡಿ ಪ್ರಕಟಿಸುತ್ತದೆ, ಅದನ್ನು ಓದಿಕೊಂಡರಾಯಿತು. ನಿಮ್ಮ ಕಾರಿಗೆ ಏನು ಕೂರುತ್ತದೆ ಅನ್ನುವುದನ್ನು ಬೇರೆ ಯಾರೂ ಪರೀಕ್ಷೆ ಮಾಡಿ ಕೊಡುವುದಿಲ್ಲ. ಟೈರಿನ ಗಾಳಿ ತೋರಿಸುವ ದೀಪದ ಬಗ್ಗೆಯೂ ಕೇಳುತ್ತೇನೆ. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರಿನಲ್ಲೂ ಅದು ಇರಲೇಬೇಕು. ಕೆಲವು ಕಾರುಗಳಲ್ಲಿ ಪ್ರತಿ ಗಾಲಿಯೊಳಗೂ ಒಂದು ಸೆನ್ಸರ್ ಇರುತ್ತದೆ. ಹಾಗಿದ್ದರೆ ಎರಡನೆಯ ಸೆಟ್‌ಗೂ ಸೆನ್ಸರ್ ಬೇಕು, ಆ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು. ನಮ್ಮ ಗಾಲ್ಫ್ ಗಾಲಿ ತಿರುಗುವ ವೇಗದಿಂದಲೇ ಗಾಳಿ ಇಳಿದದ್ದನ್ನು ಊಹಿಸುತ್ತದೆ. ಗಾಲಿ ಬದಲಾಯಿಸಿದ ಮೇಲೆ ಗಾಳಿ ಸರಿ ಮಾಡಿ, ಹೊಸದಾಗಿ ನೆನಪಿಟ್ಟುಕೋ ಅಂತ ಅದಕ್ಕೆ ಹೇಳಿದರೆ ಸಾಕು.

2023ರ ನವೆಂಬರ್‌ನಲ್ಲಿ ಅಪ್ಪ ಅಮ್ಮ ನಮ್ಮ ಮನೆಗೆ ಬಂದರು. ಗಾಲಿ ಬದಲಾಯಿಸುವ ಶನಿವಾರ ಅಪ್ಪ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಮಫ್ಲರ್ ಸುತ್ತಿ, ನಮಗಿಂತ ಮೊದಲೇ ಅಂಗಳಕ್ಕೆ ಬಂದು ನಿಂತಿದ್ದರು. ಚಳಿಗಾಲದ ಟೈರನ್ನು ಮಡಿಲಲ್ಲಿಟ್ಟುಕೊಂಡ ಹಾಗೆ ಹಿಡಿದು, ಬಟನ್ನಿನ ಸೀಳುಗಳೊಳಗೆ ಉಗುರು ತೂರಿಸಿ ನೋಡಿದರು. ರಬ್ಬರನ್ನು ಒತ್ತಿದರು. ಮೂಸಿದರು. “ಬೇರೆ ಮಾಲು” ಅಂದರು. ಹಿಂದಿನ ವಸಂತದಲ್ಲಿ ಸೀಮೆಸುಣ್ಣದಲ್ಲಿ ‘ಮುಂದೆ ಎಡ’, ‘ಹಿಂದೆ ಬಲ’ ಎಂದು ಬರೆದಿಟ್ಟಿದ್ದನ್ನು ಮಗಳು ಅಜ್ಜನಿಗೆ ಓದಿ ಹೇಳಿದಳು. ನಾನು ತಂತಿ ಬ್ರಷ್ಷಿನಿಂದ ಹಬ್ ಮೇಲಿನ ತುಕ್ಕು ಉಜ್ಜಿದೆ. ತುಕ್ಕಿನ ಒಂದು ಚೂರು ನಡುವೆ ಉಳಿದರೂ ಗಾಲಿ ಓರೆಯಾಗಿ ಕೂರುತ್ತದೆ. ಅಪ್ಪ ಗಾಲಿ ಎತ್ತಿ ಹಬ್‌ಗೆ ತಳ್ಳಿದರು. ಗ್ಯಾರೇಜಿನಲ್ಲಿ ಕೇಳಿದ ಅದೇ ಮೆಲ್ಲಗಿನ ಶಬ್ದ. ಬೋಲ್ಟ್‌ಗಳನ್ನು ಪಕ್ಕಪಕ್ಕದಲ್ಲಿ ಅಲ್ಲ, ಎದುರುಬದುರಾಗಿ ಬಿಗಿದೆವು. 120 ನ್ಯೂಟನ್ ಮೀಟರ್‌ಗೆ ಇಟ್ಟ ಟಾರ್ಕ್ ರೆಂಚ್ ಆ ಬಿಗಿ ಬಂದ ಕೂಡಲೇ ಟಕ್ ಅನ್ನುತ್ತದೆ. ಅದಕ್ಕಿಂತ ಒಂದು ಸುತ್ತೂ ಬೇಡ.

ಗಾಳಿ ನೋಡುವಾಗ ಅಪ್ಪ ಹೇಳಿದರು, “ಕಾರನ್ನ ಹೊರೋದು ರಬ್ಬರಲ್ಲ ಕಣಮ್ಮ, ಗಾಳಿ. ರಬ್ಬರ್ ಬರೀ ಚೀಲ.” ಹತ್ತು ಡಿಗ್ರಿ ಚಳಿ ಜಾಸ್ತಿಯಾದರೆ ಟೈರಿನ ಗಾಳಿಯ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ ಅಂದೆ. ಅವರು ತಲೆಯಾಡಿಸಿದರು.

ಹೊಸದಾಗಿ ಹಾಕಿದ ಗಾಲಿಯ ಬೋಲ್ಟ್‌ಗಳನ್ನು ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಮಾರನೆಯ ದಿನ ಎಲ್ಲರೂ ಆಲ್ಬ್ ಮೇಲೆ ಸುತ್ತಾಡಲು ಹೋದೆವು. ವಾಪಸ್ ಬರುವಾಗ ಮೆರ್ಕ್ಲಿಂಗೆನ್ ಹತ್ತಿರ ಕಾರು ನಿಲ್ಲಿಸಿದೆ. ಆ ವರ್ಷದ ಮೊದಲ ಹಿಮ ಹದವಾಗಿ ಬೀಳುತ್ತಿತ್ತು. ಅಮ್ಮ ಮತ್ತು ಮಗಳು ಕಾರಿನೊಳಗೇ ಕೂತರು. ನಾನು ಡಿಕ್ಕಿಯಿಂದ ರೆಂಚ್ ತೆಗೆದೆ. ಅಪ್ಪ ನನ್ನ ಪಕ್ಕದಲ್ಲೇ, ಮಫ್ಲರ್ ಬಾಯಿಗೆ ಒತ್ತಿ ಹಿಡಿದು, ಗಾಲಿಯಿಂದ ಗಾಲಿಗೆ ನನ್ನ ಜೊತೆ ನಡೆಯುತ್ತಾ ಒಂದೊಂದು ಟಕ್ ಅನ್ನೂ ಜೋರಾಗಿ ಎಣಿಸಿದರು. ಇಪ್ಪತ್ತು ಆದ ಮೇಲೆ “ಸರಿ, ನಡಿ” ಅಂದರು.